ಕೊಡುಗೆಯೂ ಸಂಕೋಲೆಯೂ

ಕೊಡುವುದು ಪುಣ್ಯವೆಂದು ಗೃಹಸ್ಥರಾದ ನಾವೆಲ್ಲರೂ ನಂಬಿ ನಡೆಯುತ್ತೇವೆ. ಹಸಿದು ಬಂದವನಿಗೆ ಅನ್ನವಿಕ್ಕಿದ ಮನೆಯನ್ನು ಲೋಕವು ಕೊಂಡಾಡುತ್ತದೆ. ಆದರೆ ಇಕ್ಕಿದ ತುತ್ತೇ ಉಣ್ಣುವವನಿಗೆ ಸಂಕೋಲೆಯಾಗಬಹುದೆ? ಈ ಪ್ರಶ್ನೆ ವಿಚಿತ್ರವೆಂದು ತೋರೀತು. ಉಡುಪಿ, ಕಾಪು, ಕಾರ್ಕಳಗಳ ಸೀಮೆಯ ಕೊರಗರ ಕಥೆಯನ್ನೂ ಸಾಗರದಾಚೆಯ ಅಮೇರಿಕೆಯ ಗುಲಾಮರ ಕಥೆಯನ್ನೂ ಜೊತೆಯಲ್ಲಿಟ್ಟು ನೋಡಿದವರಿಗೆ ಮಾತ್ರ ಇದನ್ನು ತಪ್ಪಿಸಿಕೊಳ್ಳಲಾಗದು.

1799ರಲ್ಲಿ ಕೆನರಾ ಸೀಮೆಯು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1801ರ ಆದಿಯಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಾರ್ಕಳ, ಉಡುಪಿಗಳ ಮಾರ್ಗವಾಗಿ ಸಂಚರಿಸುತ್ತ ಕಂಡದ್ದನ್ನೆಲ್ಲ ಬರೆದಿಟ್ಟನು. ಭೂಮಿಯ ಒಡೆಯರಿಗೆ ಎತ್ತುಗಳಂತೆಯೇ ಆಳುಗಳೂ ಸ್ವತ್ತಾಗಿದ್ದರೆಂಬುದೂ, ಅವರಿಗೆ ದಿನಕ್ಕಿಷ್ಟೆಂದು ಅಕ್ಕಿಯ ಅಳತೆಯಿತ್ತೆಂಬುದೂ ಆ ಬರಹದಿಂದ ತಿಳಿಯುತ್ತದೆ. ಅವನ ಗ್ರಂಥ ಲಂಡನ್ನಿನಲ್ಲಿ ಅಚ್ಚಾದದ್ದು 1807ರಲ್ಲಿ. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಅಮೇರಿಕೆಯೂ ಹೊರಗಿನಿಂದ ಗುಲಾಮರನ್ನು ತರಕೂಡದೆಂದು ಕಾಯಿದೆ ಮಾಡಿತು. ಆದರೆ ಅಲ್ಲಿ ಆಗಲೇ ಹುಟ್ಟಿ ಬೆಳೆದಿದ್ದ ಲಕ್ಷಾಂತರ ಗುಲಾಮರಿಗೆ ಬಿಡುಗಡೆಯಾಗಲಿಲ್ಲ. ಇಲ್ಲಿ ಕರಾವಳಿಯ ಗದ್ದೆಗಳಲ್ಲಿದ್ದವರಿಗೂ ಆಗಲಿಲ್ಲ.

ಇಲ್ಲಿ ನಮ್ಮವರೇ ನುಂಗಬೇಕಾದ ಕಹಿಯೊಂದಿದೆ. 1763ರಲ್ಲಿ ಬಿದನೂರು ಹೈದರನ ವಶವಾಗುವವರೆಗೆ ಈ ಕರಾವಳಿಯು ಕೆಳದಿಯ ಅರಸರ ಆಳ್ವಿಕೆಯಲ್ಲಿತ್ತು. ಅವರು ವೀರಶೈವರು, ಮಠಗಳನ್ನು ಕಟ್ಟಿಸಿದವರು, ಜಂಗಮರನ್ನು ಪೂಜಿಸಿದವರು. ಆ ರಾಜ್ಯವಳಿದು 40 ವರ್ಷ ತುಂಬುವ ಮೊದಲೇ ಬುಕಾನನ್ ಕಂಡ ಪದ್ಧತಿಯು ನಿನ್ನೆ ಮೊನ್ನೆ ಹುಟ್ಟಿದ್ದಾಗಿರಲಿಲ್ಲ. ಕಲ್ಯಾಣದ ಮಾತನ್ನು ಬಲ್ಲವರ ಕೈಯಲ್ಲಿ ಅಧಿಕಾರವಿದ್ದಾಗಲೂ ಕೊರಗನು ಊರ ಹೊರಗೇ ಉಳಿದನು. ಇದನ್ನು ಬರೆಯುವಾಗ ಲೇಖನಿ ಹಿಂಜರಿಯುತ್ತದೆ; ಆದರೂ ಬರೆಯದೆ ಅಮೇರಿಕೆಯ ಬಿಳಿಯರನ್ನು ದೂರಲು ಹೊರಡುವುದು ಸಲ್ಲದು.

ಅಮೇರಿಕೆಯಲ್ಲಿ ಗುಲಾಮರು ಸುಮ್ಮನೆ ಕುಳಿತಿರಲಿಲ್ಲ. 1822ರಲ್ಲಿ ಚಾರ್ಲ್ಸ್‌ಟನ್ ನಗರದಲ್ಲಿ ಡೆನ್ಮಾರ್ಕ್ ವೇಸಿ ಎಂಬವನು ದಂಗೆಯ ಸಂಚು ಹೂಡಿದನೆಂದು ಅವನನ್ನೂ ಅವನ ಸಂಗಡಿಗರನ್ನೂ, ಒಟ್ಟು 35 ಜನರನ್ನು ಗಲ್ಲಿಗೇರಿಸಿದರು. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರನ ದಂಗೆಯಾಯಿತು, ರಕ್ತ ಹರಿಯಿತು. ಆ ಬಳಿಕ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದರ ಮೇಲಿನ ನಿರ್ಬಂಧಗಳು ಇನ್ನಷ್ಟು ಬಿಗಿಯಾದವು. ಆದರೆ ಚಾವಟಿ, ಗಲ್ಲುಗಳಿಗಿಂತ ಸೂಕ್ಷ್ಮವಾದ ಇನ್ನೊಂದು ಉಪಾಯವನ್ನು ಫ್ರೆಡರಿಕ್ ಡಗ್ಲಾಸನು ಗುರುತಿಸಿದನು. ಅವನು 1838ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು 1845ರಲ್ಲಿ ತನ್ನ ಕಥೆಯನ್ನು ಪ್ರಕಟಿಸಿದವನು. ಕ್ರಿಸ್ತಜಯಂತಿಯಿಂದ ಹೊಸ ವರ್ಷದವರೆಗೆ ಒಡೆಯರು ಗುಲಾಮರಿಗೆ ರಜೆ ಕೊಟ್ಟು, ಕುಡಿದು ಕುಣಿಯಲು ಬಿಡುತ್ತಿದ್ದರು. ನೋಡಿದವರಿಗೆ ಅದು ಔದಾರ್ಯ. ಡಗ್ಲಾಸನಿಗೆ ಮಾತ್ರ ಅದು ಬಂಡಾಯದ ಕಾವನ್ನು ತಣಿಸುವ ಯುಕ್ತಿಯಾಗಿ ಕಂಡಿತು.

ಈಗ ಕೊರಗರ ಮಾತಿಗೆ ಬರೋಣ. ಬುಟ್ಟಿ ಹೆಣೆಯುವ ಈ ಜನರಲ್ಲಿ ಕೆಲವರನ್ನು ಹಿಂದೆ ಅಂಡೆ ಕೊರಗರೆಂದು ಕರೆಯುತ್ತಿದ್ದರು. ದಾರಿಯ ಮೇಲೆ ಉಗುಳು ಬಿದ್ದರೆ ಮೈಲಿಗೆಯೆಂದು ಅವರು ಕೊರಳಿಗೆ ಸಣ್ಣ ಅಂಡೆಯನ್ನು ಕಟ್ಟಿಕೊಂಡು ನಡೆಯಬೇಕಾಗಿತ್ತು. 1843ರ ಕಾಯಿದೆಯಿಂದ ಕಂಪನಿಯ ನ್ಯಾಯಾಲಯಗಳು ಒಬ್ಬ ಮನುಷ್ಯನ ಮೇಲೆ ಇನ್ನೊಬ್ಬನ ಒಡೆತನವನ್ನು ಮನ್ನಿಸುವುದನ್ನು ಬಿಟ್ಟವು. 1862ರಲ್ಲಿ ಜಾರಿಗೆ ಬಂದ ದಂಡಸಂಹಿತೆಯು ಗುಲಾಮರನ್ನು ಕೊಳ್ಳುವುದನ್ನೂ ಮಾರುವುದನ್ನೂ ಅಪರಾಧವಾಗಿಸಿತು. ಆದರೆ ಅಜಲು ಉಳಿಯಿತು. ಕಂಬಳದ ಹಿಂದಿನ ರಾತ್ರಿ ಇಬ್ಬನಿಯಲ್ಲಿ ಕುಳಿತು ಡೋಲು ಬಾರಿಸುವುದು, ಮರುದಿನ ಕೋಣಗಳಿಗಿಂತ ಮೊದಲು ಕೆಸರಿನಲ್ಲಿ ತಾನು ಓಡುವುದು, ಸಾವಿನ ಸುದ್ದಿಯನ್ನು ಕೂಲಿಯಿಲ್ಲದೆ ಊರೂರಿಗೆ ಮುಟ್ಟಿಸುವುದು, ಇವೆಲ್ಲ ಅಜಲು. ಎಲ್ಲಕ್ಕಿಂತ ಘೋರವಾದದ್ದು ಊಟ. ಮನೆಯ ಬಸುರಿಗೂ ಮಗುವಿಗೂ ಬರಬಹುದಾದ ಕೇಡು ದಾಟಿಹೋಗಲೆಂದು ಕೂದಲು, ಉಗುರುಗಳನ್ನು ಬೆರೆಸಿದ ಅನ್ನವನ್ನು ಕೊರಗರಿಗೆ ಉಣ್ಣಿಸುತ್ತಿದ್ದರು. ಅದನ್ನು ಇಕ್ಕಿದವರು ತಾವು ದಾನ ಮಾಡಿದೆವೆಂದೇ ಎಣಿಸಿದ್ದರು.

ಶರಣರು ದಾನವೆಂಬ ಮಾತನ್ನು ಒಲ್ಲದೆ ದಾಸೋಹವೆಂದದ್ದೇಕೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ಬಾಗುತ್ತಾನೆ. ಅಜಲಿನ ಅನ್ನದಲ್ಲಿಯಾದರೋ ಕೊಡುವವನು ತನ್ನ ಪಾಪವನ್ನೇ ಬಡಿಸುತ್ತಾನೆ. ಉಣ್ಣುವವನು ಆ ಮನೆಯ ಕೇಡನ್ನು ಹೊರುವ ಪಾತ್ರೆಯಾಗುತ್ತಾನೆ.

ಇಲ್ಲಿ ಹಿರಿಯ ಗೃಹಸ್ಥರೊಬ್ಬರು ಕೇಳಿಯಾರು: "ಅವರು ಕೇಳಿಯೇ ತೆಗೆದುಕೊಳ್ಳುತ್ತಿದ್ದರಲ್ಲ? ಬಲಾತ್ಕಾರವೆಲ್ಲಿ ಬಂತು?" ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಹಸಿದವನ ಒಪ್ಪಿಗೆಯು ಒಪ್ಪಿಗೆಯೇ ಎಂಬುದನ್ನು ಮೊದಲು ವಿಚಾರಿಸಬೇಕು. ಅಜಲನ್ನು ನಿರಾಕರಿಸಿದ ಕೊರಗನು ಅಂದಿನ ಊಟವನ್ನೂ, ಒಡೆಯನ ಮನೆಯ ಆಶ್ರಯವನ್ನೂ, ಕೆಲವೊಮ್ಮೆ ಗುಡಿಸಲ ನೆಲವನ್ನೂ ಪಣಕ್ಕೊಡ್ಡಬೇಕಾಗಿತ್ತು. ನಿಲ್ಲಿಸಿದ ಒಡೆಯನು ಕಳೆದುಕೊಳ್ಳುತ್ತಿದ್ದುದು ಒಂದು ಭಯವನ್ನು ಮಾತ್ರ. ಹೀಗಿರಲು ಕಟ್ಟಳೆಯನ್ನು ಮುರಿಯುವ ಭಾರ ಯಾರ ಹೆಗಲಿಗೆ ಸೇರಬೇಕಾಗಿತ್ತು? ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ವಿವಾಹವಾದಾಗ ತಂದೆಯರಿಬ್ಬರೂ ಪ್ರಾಣ ತೆತ್ತರೆಂದು ಪರಂಪರೆ ಹೇಳುತ್ತದೆ. ನಾವು ಹರಳಯ್ಯನನ್ನು ನೆನೆಯುತ್ತೇವೆ, ಅದು ಯುಕ್ತವೇ. ಆದರೆ ಮೇಲೆ ನಿಂತಿದ್ದವನು ಕೆಳಗಿಳಿದು ಅದೇ ಶಿಕ್ಷೆಯನ್ನು ಹಂಚಿಕೊಂಡನೆಂಬುದನ್ನು ನಾವು ಸಾಕಷ್ಟು ನೆನೆಯುವುದಿಲ್ಲ. ತುಳುನಾಡಿನಲ್ಲಿ ಮಧುವರಸರು ಹೆಚ್ಚಾಗಿ ಹುಟ್ಟಲಿಲ್ಲ.

ವಿಸ್ಮಯವೆಂದರೆ ಅದೇ ನಾಡು ಕೊರಗ ತನಿಯನನ್ನು ದೈವವೆಂದು ಪೂಜಿಸುತ್ತದೆ. ಏಳು ಆಳುಗಳ ಹೊರೆಯನ್ನು ತಾನೊಬ್ಬನೇ ಹೊತ್ತು ತಂದರೂ ಗುಡಿಯೊಳಗೆ ಬಿಡಲೊಪ್ಪದವರಿಂದ ನೊಂದ ಕೊರಗರ ಹುಡುಗನು ಮಾಯವಾಗಿ ದೈವವಾದನೆಂದು ಪಾಡ್ದನ ಹೇಳುತ್ತದೆ. ಕಳೆದ ಒಡವೆ ಸಿಗಲೆಂದು ಅವನಿಗೆ ಎಲ್ಲ ಜಾತಿಯವರೂ ವೀಳ್ಯ, ಚಕ್ಕುಲಿಗಳ ಹರಕೆ ಹೊರುತ್ತಾರೆ. ಹರಕೆಯೊಪ್ಪಿಸಿ ಹಿಂದಿರುಗುವಾಗ ದಾರಿಯಲ್ಲಿ ಕಂಡ ಕೊರಗನಿಂದ ದೂರ ಸರಿದವರಿಗೆ ಆ ಕಥೆಯ ಅರ್ಥವೇನಾಗಿತ್ತೋ!

ಕೊನೆಗೆ ಭಾರವನ್ನು ಹೊತ್ತವರು ಕೊರಗರೇ. ಅವರ ಸಂಘಗಳು ಅಜಲಿನ ಡೋಲಿಗೆ ಹೋಗಕೂಡದು, ಅಜಲಿನ ಅನ್ನವನ್ನು ಮುಟ್ಟಕೂಡದು ಎಂದು ಮನೆಮನೆಗೆ ಹೋಗಿ ಹೇಳಿದವು. ಇದರಲ್ಲಿ ಕತ್ತಿಯಿಲ್ಲ, ರಕ್ತವಿಲ್ಲ. ಆದರೂ ತಲೆಮಾರುಗಳಿಂದ ಚಾಚಿದ ಕೈಯನ್ನು ಹಿಂದೆಗೆಯುವುದು ವರ್ಜೀನಿಯಾದ ದಂಗೆಗಿಂತ ಸುಲಭವೆಂದು ನಾನು ಹೇಳಲಾರೆ. 1993ರ ಆಗಸ್ಟ್ 18ರಂದು ಅವರು ಭೂಮಿಗಾಗಿ ಮಂಗಳೂರಿನಲ್ಲಿ ಮೆರವಣಿಗೆ ನಡೆಸಿದರು. ಬಳಿಕ ಡಾ. ಮಹಮ್ಮದ್ ಪೀರ್ ವರದಿಯು ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕೆಂದಿತು. 2000ದಲ್ಲಿ ಕರ್ನಾಟಕ ಸರಕಾರವು ಅಜಲು ನಿಷೇಧದ ಕಾಯಿದೆಯನ್ನು ಮಾಡಿತು. ಉಗುರು, ಕೂದಲು ಬೆರೆಸಿದ ಅನ್ನವೂ ಕೋಣಗಳ ಮುಂದಿನ ಓಟವೂ ಅದರಲ್ಲಿ ಅಕ್ಷರಶಃ ನಮೂದಾಗಿವೆ. ಅಮೇರಿಕೆಯು 1865ರಲ್ಲಿ ಗುಲಾಮಗಿರಿಯನ್ನು ಸಂವಿಧಾನದಿಂದಲೇ ಅಳಿಸಿತ್ತು. ಇಲ್ಲಿ ಒಂದು ತುತ್ತನ್ನು ಅಪರಾಧವೆಂದು ಬರೆಯಲು ಅನಂತರವೂ 135 ವರ್ಷಗಳು ಬೇಕಾದವು.

ನಮ್ಮ ಭಕ್ತರನೇಕರು ಘಟ್ಟವಿಳಿದು ಮಣಿಪಾಲದ ಆಸ್ಪತ್ರೆಗೆ ಹೋಗಿ ಬರುವವರು. ಸೀಮೆಯ ಸಂತೆಗಳಲ್ಲಿ ಕಾಡುಬಳ್ಳಿಯ ಬುಟ್ಟಿಗಳನ್ನು ಅವರು ಕಂಡಿರಬಹುದು. ಬೆಲೆಗೆ ಚೌಕಾಶಿ ಮಾಡಿ ಒಂದೆರಡನ್ನು ಮನೆಗೆ ತಂದಿರಲೂಬಹುದು. ಹೆಣೆದವರು ಇಂದಿಗೂ ಪ್ರತಿವರ್ಷ ಆಗಸ್ಟ್ 18ರಂದು ಭೂಮಿಹಬ್ಬವನ್ನು ಆಚರಿಸುತ್ತಾರೆ. ಎರಡೂವರೆ ಎಕರೆ ಎಲ್ಲ ಕುಟುಂಬಗಳಿಗೂ ಇನ್ನೂ ದೊರೆತಿಲ್ಲ.