ನಮ್ಮ ಕೆಳಗೆ ಕುಡಿಯುವವರು

ಪ್ರಭುವಿನ ದೀಕ್ಷಾಸ್ನಾನದ ಹಬ್ಬದ ಹಿಂದಿನ ಶನಿವಾರ ಮಂಡಕಳ್ಳಿಯ ಸುತ್ತಮುತ್ತಲಿನ ನಾಲ್ಕಾರು ಕುಟುಂಬಗಳು ಸೇರಿ ಒಂದು ವ್ಯಾನು ಗೊತ್ತುಮಾಡಿಕೊಂಡು ಇರ್ಪು ಜಲಪಾತಕ್ಕೆ ಹೊರಟೆವು. ವಿಮಾನ ನಿಲ್ದಾಣದ ಮಗ್ಗುಲಲ್ಲಿ ವಾಸಿಸುವ ನಮಗೆ ಆಕಾಶದಲ್ಲಿ ಹೋಗಿಬರುವವರನ್ನು ನೋಡುವುದು ಅಭ್ಯಾಸವಾಗಿದೆ; ನೆಲದ ಮೇಲೆ ನಾವೇ ಹೊರಡುವುದು ಅಪರೂಪ. ನಮಗೆ ದಾರಿ ತೋರಿಸಲು ಬಂದವರು ದಕ್ಷಿಣ ಕೊಡಗಿನ ಕಾಫಿತೋಟವೊಂದರಲ್ಲಿ ಬಹುಕಾಲ ರೈಟರಾಗಿ ದುಡಿದು, ಈಗ ಮಗಳ ಮನೆಯಲ್ಲಿ ವಿಶ್ರಾಂತ ಜೀವನ ನಡೆಸುತ್ತಿರುವ ಹಿರಿಯರು. ಅವರು ಒಂದೇ ಒಂದು ಷರತ್ತು ಹಾಕಿದರು. ನೇರವಾಗಿ ಜಲಪಾತಕ್ಕೆ ಹೋಗಕೂಡದು, ನದಿಯ ಬಾಲ ಹಿಡಿದು ತಲೆಯ ಕಡೆಗೆ ಹೋಗಬೇಕು. ಮಕ್ಕಳಿಗೆ ಇದು ಬೇಸರದ ಮಾತಾಯಿತು. ನನಗೂ ಅಷ್ಟೇ ಎಂದು ಒಪ್ಪಿಕೊಳ್ಳುತ್ತೇನೆ.

ನದಿಯ ಹೆಸರು ಲಕ್ಷ್ಮಣತೀರ್ಥ. ಕೇರಳದ ವಯನಾಡಿಗೂ ನಮ್ಮ ಕೊಡಗಿಗೂ ನಡುವಣ ಗಡಿಯಾಗಿ ನಿಂತಿರುವ ಬ್ರಹ್ಮಗಿರಿ ಬೆಟ್ಟಸಾಲಿನಲ್ಲಿ ಹುಟ್ಟಿ, ಇರ್ಪುವಿನಲ್ಲಿ ಬಂಡೆಯಿಂದ ಬಂಡೆಗೆ ಧುಮುಕಿ, ಗದ್ದೆ ತೋಟಗಳ ನಡುವೆ ಸಾಗಿ, ನಾಗರಹೊಳೆಯ ಕಾಡನ್ನು ಹಾಯ್ದು, ಹನಗೋಡು, ಹುಣಸೂರುಗಳನ್ನು ದಾಟಿ, ಕೊನೆಗೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ನಾವು ಮೊದಲು ನಿಂತದ್ದು ಸಾಗರಕಟ್ಟೆಯಲ್ಲಿ. ಅಲ್ಲಿ ನದಿಯೆಂದು ತೋರಿಸಲು ಏನೂ ಇರಲಿಲ್ಲ. ವಿಶಾಲವಾದ ನೀರು, ಮೀನುಗಾರರ ತೆಪ್ಪ, ದೂರದಲ್ಲಿ ಹಾಸನದ ಕಡೆಗೆ ಹೋಗುವ ರೈಲಿನ ಸೇತುವೆ. ಈ ಒಂದೇ ಜಲಾಶಯದಲ್ಲಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಕೂಡಿವೆ. ಮೈಸೂರಿನ ನಲ್ಲಿಗಳಿಗೆ ನೀರು ಹೋಗುವುದು ಒಂದು ಭಾಗ ಈ ಕಾವೇರಿಯಿಂದ, ಇನ್ನೊಂದು ಭಾಗ ಕಬಿನಿಯಿಂದ. ನಲ್ಲಿ ತಿರುಗಿಸುವಾಗ ಇದು ಯಾವ ನದಿ ಎಂದು ನಾವು ಯಾರೂ ಕೇಳುವುದಿಲ್ಲ. ನೀರು ಬಾರದಿದ್ದಾಗ ಮಾತ್ರ ಕೇಳುತ್ತೇವೆ.

ಎರಡನೆಯ ನಿಲುಗಡೆ ಹುಣಸೂರಿನ ಸೇತುವೆ. ಅಲ್ಲಿ ನದಿ ಇತ್ತು, ಆದರೆ ಮಕ್ಕಳು ಮೂಗು ಮುಚ್ಚಿಕೊಂಡರು. ಕಪ್ಪಿಟ್ಟ ನೀರು, ದಡದ ಪೊದೆಗಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲಗಳು. ಪಟ್ಟಣದ ಚರಂಡಿಯ ನೀರು ನದಿಯನ್ನು ಸೇರುತ್ತದೆಂಬುದು ಅಲ್ಲಿಯ ಜನರ ಹಳೆಯ ದೂರು. ನಮ್ಮಲ್ಲೊಬ್ಬರು, “ಇದನ್ನು ನೋಡಲಿಕ್ಕೆ ನಾವು ಬಂದದ್ದೇ?” ಎಂದರು. ರೈಟರು ಉತ್ತರ ಕೊಡಲಿಲ್ಲ. ವ್ಯಾನು ಗೋಣಿಕೊಪ್ಪಲು, ಪೊನ್ನಂಪೇಟೆಗಳನ್ನು ಹಾದು ಶ್ರೀಮಂಗಲದ ಕಡೆಗೆ ತಿರುಗಿತು.

ಇರ್ಪುವಿನ ನೀರನ್ನು ವರ್ಣಿಸಲು ಹೊರಟರೆ ನನ್ನ ಲೇಖನಿ ಸೋಲುತ್ತದೆ. ಮಳೆಗಾಲದ ರಭಸವೆಲ್ಲ ಇಳಿದು, ಬೇಸಿಗೆಯ ಸೊರಗು ಇನ್ನೂ ತಟ್ಟದ ಕಾಲ ಅದು. ಮೊಣಕಾಲುದ್ದದ ನೀರಿನಲ್ಲಿ ನಿಂತರೆ ಪಾದದ ಬೆರಳುಗಳ ಉಗುರು ಕಾಣುತ್ತಿತ್ತು. ಕಲ್ಲಿನ ನೆರಳಿನಲ್ಲಿ ಮೀನಿನ ಮರಿಗಳು ಹರಿವಿಗೆ ಎದುರಾಗಿ ಅಲುಗಾಡದೆ ನಿಂತಿದ್ದವು. ಮೆಟ್ಟಿಲು ಹತ್ತುವ ಮೊದಲು ಸಿಗುವ ರಾಮೇಶ್ವರ ದೇವಸ್ಥಾನದ ಬಳಿ ರೈಟರು ಸ್ಥಳಪುರಾಣ ಹೇಳಿದರು. ಸೀತೆಯನ್ನು ಅರಸುತ್ತ ಬಂದ ರಾಮನಿಗೆ ಇಲ್ಲಿ ಬಾಯಾರಿತಂತೆ. ಲಕ್ಷ್ಮಣನು ಬ್ರಹ್ಮಗಿರಿಗೆ ಬಾಣ ಬಿಟ್ಟು ನೀರು ಹೊಮ್ಮಿಸಿದನಂತೆ. ಶಿವರಾತ್ರಿಯಂದು ಇಲ್ಲಿಗೆ ಬಹಳ ಮಂದಿ ಬಂದು ಸ್ನಾನ ಮಾಡುತ್ತಾರೆ. ಬಾಯಾರಿದ ಇನ್ನೊಬ್ಬನಿಗಾಗಿ ಹುಟ್ಟಿದ ನದಿ ಎಂಬ ಆ ಕಲ್ಪನೆ ನನ್ನನ್ನು ಕಲಕಿತು. ಸಮಾರಿಯದ ಬಾವಿಯ ಬಳಿ ಕುಳಿತು ನೀರು ಬೇಡಿದ, ಶಿಲುಬೆಯ ಮೇಲೆ ದಾಹಗೊಂಡ ಪ್ರಭುವನ್ನು ಬಲ್ಲ ನಮಗೆ ಈ ಕಥೆಯ ಮರ್ಮ ಅರ್ಥವಾಗದಿರಲು ಸಾಧ್ಯವಿಲ್ಲ.

ಇನ್ನು ನನ್ನ ತಪ್ಪಿನ ಸಂಗತಿ. ಊಟಕ್ಕೆಂದು ಮನೆಯಿಂದ ತಂದಿದ್ದ ಬಿರಿಯಾನಿಯನ್ನು ಜಲಪಾತದಿಂದ ಬಹಳ ಕೆಳಗೆ, ಹೊಳೆಯ ದಡದ ಮರದ ನೆರಳಿನಲ್ಲಿ ಬಡಿಸಿದೆವು. ಎಲ್ಲರ ಊಟವಾದ ಮೇಲೆ ನಾನು ಬಲು ಉತ್ಸಾಹದಿಂದ ಖಾಲಿ ಪಾತ್ರೆಯನ್ನು ಎತ್ತಿಕೊಂಡು ಹೋಗಿ ನೀರಿನಲ್ಲಿ ಅದ್ದಿ ತೊಳೆದೆ. ಪಾತ್ರೆಯಿಂದ ಬಿಟ್ಟ ಎಣ್ಣೆ ಬಿಸಿಲಿನಲ್ಲಿ ಬಣ್ಣಬಣ್ಣದ ಪೊರೆಯಾಗಿ ಹರಡಿ, ಮೆಲ್ಲನೆ ಬಾಗುತ್ತ, ಕಲ್ಲುಗಳ ನಡುವೆ ನುಸುಳಿ ಕಣ್ಮರೆಯಾಯಿತು. ನೋಡಲು ಸುಂದರವಾಗಿಯೇ ಇತ್ತು. ಹಿಂದೆ ನಿಂತಿದ್ದ ರೈಟರು ಗದರಿಸಲಿಲ್ಲ. “ಬೆಳಿಗ್ಗೆ ಸಾಗರಕಟ್ಟೆಯಲ್ಲಿ ನಿಂತಿದ್ದೆವಲ್ಲ, ಅಲ್ಲಿಗೆ ಹೊರಟಿತು” ಎಂದಷ್ಟೇ ಹೇಳಿದರು. ಬಾಲದಿಂದ ತಲೆಗೆ ಹೋಗಬೇಕೆಂದು ಅವರು ಏಕೆ ಹಟ ಹಿಡಿದರೆಂಬುದು ನನಗೆ ಆಗ ತಿಳಿಯಿತು. ತಲೆಯಿಂದ ಬಾಲಕ್ಕೆ ಬಂದಿದ್ದರೆ ಹುಣಸೂರಿನ ಸೇತುವೆಯ ಮೇಲೆ ನಿಂತು ಆ ಊರಿನವರನ್ನು ಬೈದು ಮನೆಗೆ ಮರಳುತ್ತಿದ್ದೆವು.

ಯೆಜೆಕಿಯೇಲ ಪ್ರವಾದಿಯ ಗ್ರಂಥದ 34ನೆಯ ಅಧ್ಯಾಯ ನಮಗೆ ಒಳ್ಳೆಯ ಕುರುಬನ ಅಧ್ಯಾಯವೆಂದೇ ಪರಿಚಿತ. ಕುರುಬರನ್ನು ಕುರಿತ ಮಾತು ಮುಗಿದ ಮೇಲೆ ದೇವರು ಕುರಿಗಳ ಕಡೆಗೂ ತಿರುಗುತ್ತಾರೆ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಕೊಬ್ಬಿದ ಕುರಿಗಳ ಮೇಲಿನ ಆಪಾದನೆ ಬಹಳ ಸ್ಪಷ್ಟ. ತಾವು ತಿಳಿನೀರನ್ನು ಕುಡಿದು, ಉಳಿದದ್ದನ್ನು ಕಾಲಿನಿಂದ ಕದಡಿ, ಹಿಂದೆ ಬರುವ ಕುರಿಗಳಿಗೆ ಕದಡಿದ ನೀರನ್ನು ಬಿಡುತ್ತವೆ. ಇಲ್ಲಿ ಕುಡಿದದ್ದು ಪಾಪವಲ್ಲ. ಬಾಯಾರಿಕೆಯೂ ಪಾಪವಲ್ಲ. ಹಿಂದೆ ಒಬ್ಬರು ಬರುತ್ತಿದ್ದಾರೆಂಬುದನ್ನು ಮರೆತದ್ದೇ ಪಾಪ. ನೆರೆಯವನು ಯಾರು ಎಂದು ಧರ್ಮಶಾಸ್ತ್ರಿ ಕೇಳಿದಾಗ ಪ್ರಭು ರಸ್ತೆಯ ಬದಿಯಲ್ಲಿ ಬಿದ್ದಿದ್ದವನ ಕಥೆ ಹೇಳಿದರು. ಆ ನೆರೆಯವನು ಕಣ್ಣಿಗೆ ಬೀಳುತ್ತಾನೆ, ಅವನನ್ನು ದಾಟಿ ಹೋಗಬೇಕಾದರೆ ಮುಖ ತಿರುಗಿಸಬೇಕಾಗುತ್ತದೆ. ನದಿಯ ಕೆಳಗಿರುವ ನೆರೆಯವನು ಕಣ್ಣಿಗೆ ಬೀಳುವುದೇ ಇಲ್ಲ. ಅವನನ್ನು ನೋಯಿಸಲು ಮುಖ ತಿರುಗಿಸುವ ಶ್ರಮವೂ ಬೇಡ. ಮಂಡಕಳ್ಳಿಯವರಾದ ನಾವು ಹುಣಸೂರಿಗೆ ಕೆಳಗಿನವರು, ನಿಜ. ಆದರೆ ಮೈಸೂರಿನ ದಕ್ಷಿಣದ ಇಳಿಜಾರೆಲ್ಲ ಕಬಿನಿಯ ಕಡೆಗೆ ಇಳಿಯುತ್ತದೆ. ಕಬಿನಿ ನಂಜನಗೂಡನ್ನು ಹಾದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಎಷ್ಟು ಊರುಗಳು, ಎಷ್ಟು ಬಾವಿಗಳು, ತಮಿಳುನಾಡಿನ ಎಷ್ಟು ಗದ್ದೆಗಳು! ಕಾವೇರಿಯ ಪಾಲಿನ ಪ್ರಮಾಣಕ್ಕಾಗಿ ನಾವು ಎಷ್ಟೋ ಸಲ ಬೀದಿಗಿಳಿದಿದ್ದೇವೆ. ಕೊಡುವ ಪಾಲು ಕುಡಿಯುವ ಸ್ಥಿತಿಯಲ್ಲಿದೆಯೇ ಎಂದು ಎರಡೂ ಕಡೆಯವರು ಕೂಡಿ ಕೇಳಿದ್ದನ್ನು ನಾನು ಕಾಣೆ.

ಒಂದು ಪಾತ್ರೆಯ ಎಣ್ಣೆಯಿಂದ ನದಿ ಕೆಡುವುದೇ ಎಂದು ಯಾರಾದರೂ ನಕ್ಕರೆ ಅವರದು ತಪ್ಪಲ್ಲ. ಕೆಡುವುದಿಲ್ಲ. ಪಟ್ಟಣದ ಚರಂಡಿಯ ಮುಂದೆ ನನ್ನ ಬಿರಿಯಾನಿಯ ಪಾತ್ರೆ ಲೆಕ್ಕಕ್ಕಿಲ್ಲ. ಇಂಥ ಸಣ್ಣ ತಪ್ಪುಗಳಿಗೆ ಎದೆ ಬಡಿದುಕೊಂಡು, ದೊಡ್ಡ ತಪ್ಪುಗಳನ್ನು ಸರ್ಕಾರದ ಪಾಲಿಗೆ ಬಿಟ್ಟು ನಿಶ್ಚಿಂತರಾಗುವ ಒಂದು ಬಗೆಯ ಭಕ್ತಿಯೂ ಇದೆ. ಅದು ನನಗೆ ಅಷ್ಟೇನೂ ಇಷ್ಟವಿಲ್ಲ. ಕೊಳಚೆ ನೀರನ್ನು ಶುದ್ಧೀಕರಿಸುವುದು ಪಶ್ಚಾತ್ತಾಪದಿಂದ ಆಗುವ ಕೆಲಸವಲ್ಲ. ಅದಕ್ಕೆ ಕೊಳವೆ, ಘಟಕ, ತೆರಿಗೆ, ವಿದ್ಯುತ್ತು, ಕೇಳುವ ನಾಗರಿಕರು ಬೇಕು. ಆದರೂ ಆ ಪಾತ್ರೆಯನ್ನು ನಾನು ಕಡೆಗಣಿಸಲಾರೆ. ಏಕೆಂದರೆ ಪಾತ್ರೆ ತೊಳೆಯುವಾಗ ನನ್ನ ಮನಸ್ಸು ಮೇಲ್ಮುಖವಾಗಿತ್ತು. ಬರುವ ನೀರು ಚೆನ್ನಾಗಿದೆಯೇ ಎಂದು ನೋಡಿದೆ, ಹೋಗುವ ನೀರು ಯಾರದೆಂದು ನೋಡಲಿಲ್ಲ. ಪಟ್ಟಣಗಳು ತಮ್ಮ ಚರಂಡಿಯನ್ನು ಕಟ್ಟುವಾಗಲೂ ಇದೇ ಮನಸ್ಸು. ಅಳತೆ ಬೇರೆ, ಮನಸ್ಸು ಬೇರೆಯಲ್ಲ.

ರೈಟರು ಇನ್ನೊಂದು ಮಾತು ಹೇಳಿದರು. ಅದು ನಮ್ಮೆಲ್ಲರ ಬೆಳಗಿನ ಲೋಟಕ್ಕೆ ಸಂಬಂಧಿಸಿದ್ದು. ಕಾಫಿಹಣ್ಣನ್ನು ಕಿತ್ತ ಮೇಲೆ ಅದರ ಸಿಪ್ಪೆ ಸುಲಿದು, ಬೀಜಕ್ಕೆ ಅಂಟಿರುವ ಲೋಳೆಯನ್ನು ತೊಳೆದು ತೆಗೆಯುವ ವಿಧಾನವೊಂದಿದೆ. ಅದಕ್ಕೆ ಪಲ್ಪಿಂಗ್ ಎನ್ನುತ್ತಾರೆ. ತೊಳೆದ ಆ ನೀರು ಹುಳಿತು, ಹೊಳೆಗೆ ಸೇರಿದರೆ ನೀರಿನಲ್ಲಿ ಬೆರೆತ ಆಮ್ಲಜನಕವನ್ನು ಹೀರಿಬಿಡುತ್ತದೆ, ಮೀನುಗಳು ಉಸಿರುಗಟ್ಟುತ್ತವೆ. ಆ ಕೆಲಸ ನಡೆಯುವುದು ಡಿಸೆಂಬರಿನಿಂದ ಆಚೆಗೆ, ಹೊಳೆಯಲ್ಲಿ ನೀರು ಇಳಿಯುವ ಕಾಲದಲ್ಲಿಯೇ. ಈಗ ಅನೇಕ ತೋಟಗಳವರು ಗುಂಡಿ ತೋಡಿ, ಸುಣ್ಣ ಹಾಕಿ ಆ ನೀರನ್ನು ತಡೆಯುತ್ತಾರೆ. ತಮ್ಮ ಕಾಲದಲ್ಲಿ ರಾತ್ರಿ ತೂಬು ತೆಗೆದು ಹೊಳೆಗೆ ಬಿಡುತ್ತಿದ್ದುದೂ ಉಂಟೆಂದು ಅವರು ಮರೆಮಾಚದೆ ಹೇಳಿದರು. ಈ ಕೆಲಸಕ್ಕೆ ರಾತ್ರಿಯನ್ನೇ ಏಕೆ ಆರಿಸುತ್ತಿದ್ದರು ಎಂದು ನಾನು ಕೇಳಲಿಲ್ಲ. ಅಂತಃಕರಣವೆಂಬುದು ತೂಬು ತೆಗೆಯುವ ಕೈಗೂ ಇರುತ್ತದೆ.

ಜಪಾನಿನ ಶಿಕೋಕು ದ್ವೀಪದಲ್ಲಿ ಶಿಮಾಂತೊ ಎಂಬ ಬೆಟ್ಟದ ನದಿಯಿದೆ. ಉದ್ದ 196 ಕಿಲೋಮೀಟರು. ಆ ದೇಶದ ಕೊನೆಯ ತಿಳಿನದಿ ಎಂದು ಅದು ಪ್ರಸಿದ್ಧ. ದೋಣಿಯಲ್ಲಿ ಕೂರಿಸಿಕೊಂಡು ಪ್ರವಾಸಿಗಳಿಗೆ ಅದನ್ನು ತೋರಿಸುತ್ತಾರೆ. ನನ್ನನ್ನು ಸೆಳೆದದ್ದು ಅದರ ತಿಳಿಗಿಂತ ಅದರ ಮೇಲಿನ ಹಳೆಯ ಸೇತುವೆಗಳು. ಅವು ಬಹಳ ತಗ್ಗು, ಅವಕ್ಕೆ ಕೈಪಿಡಿಗೋಡೆಗಳಿಲ್ಲ. ಪ್ರವಾಹ ಬಂದಾಗ ಸೇತುವೆ ಮುಳುಗಿ ನದಿಯನ್ನು ತನ್ನ ಮೇಲೆ ಹೋಗಗೊಡುತ್ತದೆ. ಇಳಿದ ಮೇಲೆ ಜನ ಮತ್ತೆ ದಾಟುತ್ತಾರೆ. ಆದರೆ ಅದೇ ಜಪಾನಿನ ಮಿನಮಾತಾ ಕೊಲ್ಲಿಯನ್ನೂ ಮರೆಯಬಾರದು. ಅಲ್ಲಿಯ ರಾಸಾಯನಿಕ ಕಾರ್ಖಾನೆಯೊಂದು ಪಾದರಸದ ವಿಷವನ್ನು ಕಡಲಿಗೆ ಬಿಟ್ಟಿತು. ಮೀನು ತಿಂದವರ ನರಗಳು ಕುಸಿದವು, ಗರ್ಭದಲ್ಲಿದ್ದ ಶಿಶುಗಳಿಗೂ ವಿಷ ತಗುಲಿತು. ರೋಗವು ಅಧಿಕೃತವಾಗಿ ಬೆಳಕಿಗೆ ಬಂದದ್ದು 1956ರಲ್ಲಿ. ಕಾರಣವನ್ನು ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ. ಪಾದರಸದ ಆ ವಿಷ ನೀರಿನಲ್ಲಿ ಕಣ್ಣಿಗೆ ಕಾಣುವಂಥದ್ದಲ್ಲ. ತಿಳಿಯಾದದ್ದೆಲ್ಲ ಶುದ್ಧವಲ್ಲ ಎಂದು ಇದರಿಂದ ತಿಳಿಯಬೇಕು. ಕದಡಿದ್ದೆಲ್ಲ ಅಶುದ್ಧವೂ ಅಲ್ಲ. ಆಷಾಢದ ಕಾವೇರಿ ಕೆಂಪಾಗಿ ಹರಿಯುವುದು ಕೊಡಗಿನ ಮಣ್ಣನ್ನು ಹೊತ್ತು ತಂದಾಗ. ಗದ್ದೆಗೆ ಅದೇ ಅನ್ನ.

ಮರುದಿನ ಭಾನುವಾರ ಬಲಿಪೂಜೆಯಲ್ಲಿ ಜೋರ್ಡನ್ ನದಿಯ ಶುಭಸಂದೇಶವನ್ನು ಕೇಳುತ್ತಿದ್ದಾಗ ನನಗೆ ನಾಮಾನನ ನೆನಪಾಯಿತು. ಅರಸುಗಳ ಎರಡನೆಯ ಗ್ರಂಥದ ಆ ಸೇನಾಪತಿ ಕುಷ್ಠದಿಂದ ನರಳುತ್ತಿದ್ದ. ಜೋರ್ಡನ್ನಿನಲ್ಲಿ ಏಳು ಸಾರಿ ಮುಳುಗು ಎಂದು ಎಲೀಷನು ಹೇಳಿಕಳುಹಿಸಿದಾಗ ಅವನಿಗೆ ಸಿಟ್ಟು ಬಂತು. ದಮಸ್ಕಸಿನ ಅಬಾನಾ, ಪರ್ಪರ್ ನದಿಗಳು ಇಸ್ರಯೇಲಿನ ನೀರಿಗಿಂತ ಮೇಲಲ್ಲವೇ ಎಂಬುದು ಅವನ ವಾದ. ನೀರಿನ ಮಟ್ಟಿಗೆ ಹೇಳುವುದಾದರೆ ಅವನ ಮಾತು ಸುಳ್ಳಲ್ಲ. ಅವು ಬೆಟ್ಟದಿಂದಿಳಿಯುವ ತಣ್ಣನೆಯ ಹೊಳೆಗಳು. ಜೋರ್ಡನ್ ಕೆಳಭಾಗದಲ್ಲಿ ಮಣ್ಣುಬಣ್ಣದ ಹರಿವು. ನಾಮಾನನಿಗೂ ನಮ್ಮ ಹಾಗೆಯೇ ಇರ್ಪು ಬೇಕಾಗಿತ್ತು, ಹುಣಸೂರಿನ ಸೇತುವೆ ಬೇಡವಾಗಿತ್ತು. ಪ್ರಭುವಾದರೋ ಹುಡುಕಿಕೊಂಡು ಹೋಗಿ ನಿಂತದ್ದು ಆ ಮಣ್ಣುಬಣ್ಣದ ನೀರಿನಲ್ಲಿ, ಪಾಪಿಗಳ ಸಾಲಿನಲ್ಲಿ. ದೀಕ್ಷಾಸ್ನಾನಕ್ಕೆ ಧರ್ಮಸಭೆ ಕೇಳುವುದೂ ನಿಜವಾದ ನೀರನ್ನಷ್ಟೇ. ಹೊಳೆಯದಾಗಲಿ, ಬಾವಿಯದಾಗಲಿ, ನಲ್ಲಿಯದಾಗಲಿ, ತುಸು ಕದಡಿದ್ದೇ ಆಗಲಿ. ಇದು ಕೊಳಕನ್ನು ಒಪ್ಪಿಕೊಂಡಂತಲ್ಲ. ಇಂದಿನ ಜೋರ್ಡನ್ನಿನ ಕೆಳಭಾಗದಲ್ಲಿ ಬಹುಪಾಲು ನೀರು ಮೇಲೆಯೇ ತಿರುಗಿಹೋಗಿ, ಉಳಿದದ್ದರಲ್ಲಿ ಕೊಳಚೆ ಬೆರೆತಿದೆ; ಅದನ್ನು ಪವಿತ್ರವೆಂದು ಕರೆದು ಸುಮ್ಮನಿದ್ದರೆ ಪವಿತ್ರವೆಂಬ ಮಾತಿಗೇ ಅವಮಾನ. ನಮ್ಮ ದೇಶದ ಪುಣ್ಯನದಿಗಳ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೋ ಸಿ’ ಎಂಬ ವಿಶ್ವಪತ್ರದಲ್ಲಿ ಕುಡಿಯಲು ಯೋಗ್ಯವಾದ ನೀರನ್ನು ಮನುಷ್ಯನ ಮೂಲಭೂತ ಹಕ್ಕು ಎಂದು ಕರೆದರು. ಹಕ್ಕು ಎಂದ ಮೇಲೆ ಅದನ್ನು ಸಲ್ಲಿಸಬೇಕಾದವರೂ ಇರಬೇಕು. ಸಾಮಾನ್ಯವಾಗಿ ಅವರು ಮೇಲಿನ ದಡದಲ್ಲಿರುತ್ತಾರೆ.

ಮರಳುವಾಗ ನಾನು ಒಂದು ಬಾಟಲಿಯಲ್ಲಿ ಇರ್ಪುವಿನ ನೀರನ್ನು ತುಂಬಿಕೊಂಡು ಬಂದೆ. ನಾಮಾನನೂ ಗುಣವಾಗಿ ಊರಿಗೆ ಹೊರಟಾಗ ಎರಡು ಹೇಸರಗತ್ತೆಗಳು ಹೊರುವಷ್ಟು ಇಸ್ರಯೇಲಿನ ಮಣ್ಣನ್ನು ಬೇಡಿದನಲ್ಲ. ಮನುಷ್ಯನ ಸ್ವಭಾವವೇ ಹಾಗೆ. ಬಾಟಲಿಯನ್ನು ಅಡುಗೆಮನೆಯ ಕಿಟಕಿಯಲ್ಲಿ, ಬಿಸಿಲು ಬೀಳುವ ಕಡೆ ಇಟ್ಟಿದ್ದೆ. ಮೊದಲ ವಾರ ಬಂದ ಅತಿಥಿಗಳಿಗೆಲ್ಲ ತೋರಿಸಿದೆ. ಆಮೇಲೆ ಮರೆತೆ. ಲೆಂತ್ ಕಾಲ ಬರುವ ಹೊತ್ತಿಗೆ ಅದರ ಒಳಮೈಗೆ ಹಸಿರು ಪಾಚಿ ಕಟ್ಟಿತ್ತು. ಬೂದಿ ಬುಧವಾರದ ಹಿಂದಿನ ಸಂಜೆ ಮನೆಯಾಕೆ ಅದನ್ನು ಎಸೆಯಲು ಎತ್ತಿಕೊಂಡಳು. ಎಲ್ಲಿ ಚೆಲ್ಲುವುದೆಂದು ಇಬ್ಬರೂ ಒಂದು ಗಳಿಗೆ ಯೋಚಿಸಿದೆವು. ಸಿಂಕಿಗೆ ಸುರಿದರೆ ಕಬಿನಿಯ ಕಡೆಗೆ ಹೋಗುತ್ತದೆ. ಹಿತ್ತಲಿನ ಕರಿಬೇವಿನ ಬುಡಕ್ಕೆ ಹಾಕಿ, ಬಾಟಲಿಯನ್ನು ಉಜ್ಜಿ ತೊಳೆದು ಬಿಸಿಲಿಗಿಟ್ಟೆವು.