ಹಂಚಿಕೆಯ ವೇಗ ಮತ್ತು ದಾನದ ಶುದ್ಧಿ

ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆದುದರಿಂದಲೇ ಇಲ್ಲಿನ ಪೂರ್ವಿಕರು ಮಾಲೂರಿನಿಂದ ಮುಳಬಾಗಿಲು, ಶ್ರೀನಿವಾಸಪುರಗಳವರೆಗೆ ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಅದು ತುಂಬಿದರೆ ಅದರಾಚೆಯ ಕೆರೆಗೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗಲೂ ಮುಂದಿನ ಕೆರೆಗಳಿಗೆ ಅದು ಸಾಗಿದುದು ಈ ಹಳೆಯ ಸರಪಳಿಯಲ್ಲಿಯೇ. ಕೆರೆಯ ಧರ್ಮ ಸರಳವಾದುದು: ತಾನು ತುಂಬಿದ ಮೇಲೆ ಇತರರಿಗೆ. ಮನುಷ್ಯನ ಧರ್ಮವೂ ಇಷ್ಟೇ ಆಗಬೇಕೆ? ಅಥವಾ ತಾನಿನ್ನೂ ತುಂಬುತ್ತಿರುವಾಗಲೇ, ಇದ್ದಷ್ಟನ್ನು ಮುಂದಿನವನಿಗೆ ಕೊಡಬಹುದೆ? ಈ ಪ್ರಶ್ನೆಗೆ ಒಂದು ಉತ್ತರವು ಗಣಕಯಂತ್ರಗಳ ಲೋಕದಿಂದ ಬಂದಿದೆ. ಆ ಉತ್ತರವನ್ನು ಶ್ರಾವಕಧರ್ಮದ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತವಾಗಿದೆ.

2001ರಲ್ಲಿ ಅಮೆರಿಕದ ಬ್ರಾಮ್ ಕೋಹೆನ್ ಎಂಬ ತಂತ್ರಜ್ಞನು ಬಿಟ್‌ಟೊರೆಂಟ್ ಎಂಬ ವಿಧಾನವನ್ನು ಬಳಕೆಗೆ ತಂದನು. ಅಲ್ಲಿಯವರೆಗೆ ಒಂದು ಕಡತ ಬೇಕಾದವರೆಲ್ಲರೂ ಸಾಮಾನ್ಯವಾಗಿ ಒಂದೇ ಯಂತ್ರದ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲಬೇಕಾಗಿತ್ತು. ಕೇಳುವವರು ಹೆಚ್ಚಿದಷ್ಟೂ ಪ್ರತಿಯೊಬ್ಬನ ಪಾಲು ಕಡಿಮೆಯಾಗುತ್ತಿತ್ತು. ಹೊಸ ವಿಧಾನದಲ್ಲಿ ಕಡತವನ್ನು ನೂರಾರು, ಸಾವಿರಾರು ತುಂಡುಗಳಾಗಿ ವಿಭಾಗಿಸಲಾಗುತ್ತದೆ. ಇಡೀ ಕಡತವನ್ನು ಹೊಂದಿದ್ದು ಅದನ್ನು ಇತರರಿಗೆ ಕೊಡುತ್ತಿರುವವನು ಸೀಡ್, ಎಂದರೆ ಬೀಜ. ಇನ್ನೂ ಪಡೆಯುತ್ತಿರುವವನು ಪೀರ್, ಎಂದರೆ ಸಮಾನಸ್ಕಂಧ. ಪೀರ್ ಆದವನು ತನಗೆ ದೊರೆತ ಒಂದೊಂದು ತುಂಡನ್ನೂ, ಉಳಿದುದು ಬರುವ ಮೊದಲೇ, ಇತರರಿಗೆ ಕೊಡಲಾರಂಭಿಸುತ್ತಾನೆ. ಯಾರ ಬಳಿಗೆ ಹೋಗಬೇಕೆಂದು ತಿಳಿಸುವ ಟ್ರ್ಯಾಕರ್ ಎಂಬ ಯಂತ್ರದಲ್ಲಿ ಕಡತವೇ ಇರುವುದಿಲ್ಲ. ಊರಿನ ನೀರುಗಂಟಿಯು ನೀರಿನ ಒಡೆಯನಲ್ಲ, ಸರದಿಯನ್ನು ಬಲ್ಲವನು ಮಾತ್ರ. ಟ್ರ್ಯಾಕರಿನ ಸ್ಥಾನವೂ ಹಾಗೆಯೇ.

ವೇಗದ ಲೆಕ್ಕ ಇಲ್ಲಿಂದ ಹುಟ್ಟುತ್ತದೆ. 700 ಮೆಗಾಬೈಟ್ ಗಾತ್ರದ ಕಡತವೊಂದು ಒಬ್ಬನಲ್ಲಿದೆ, ಅವನು ಸೆಕೆಂಡಿಗೆ 1 ಮೆಗಾಬೈಟ್ ಕೊಡಬಲ್ಲನು ಎಂದು ಭಾವಿಸೋಣ. ಹತ್ತು ಮಂದಿ ಅವನಿಂದಲೇ ನೇರವಾಗಿ ಪಡೆದರೆ ಒಬ್ಬೊಬ್ಬನಿಗೂ ಸಿಗುವುದು ಸೆಕೆಂಡಿಗೆ 0.1 ಮೆಗಾಬೈಟ್, ಮುಗಿಯಲು ಸುಮಾರು 2 ಗಂಟೆ ಬೇಕು. ಆ ಹತ್ತು ಮಂದಿಯೂ ತಮಗೆ ಬಂದ ತುಂಡುಗಳನ್ನು ಪರಸ್ಪರ ಸೆಕೆಂಡಿಗೆ 0.5 ಮೆಗಾಬೈಟಿನಂತೆ ಹಂಚಿದರೆ ಒಟ್ಟು ಪೂರೈಕೆ 6 ಮೆಗಾಬೈಟ್ ಆಗುತ್ತದೆ. ಒಬ್ಬೊಬ್ಬನ ಪಾಲು 0.6. ಎರಡು ಗಂಟೆಯ ಕೆಲಸ ಸುಮಾರು 20 ನಿಮಿಷಗಳಿಗೆ ಇಳಿಯುತ್ತದೆ. ಬೀಜದವನು ಹೆಚ್ಚು ಕೊಟ್ಟುದರಿಂದ ಇದು ಆಗಲಿಲ್ಲ. ಪಡೆದವರು ಕೈಮುಚ್ಚಿ ಕುಳಿತುಕೊಳ್ಳದಿದ್ದುದರಿಂದ ಆಯಿತು.

ಆದರೆ ಸೀಡ್‌ಗಳ ಸಂಖ್ಯೆ ಹೆಚ್ಚಿದಷ್ಟೂ ವೇಗ ಮಿತಿಯಿಲ್ಲದೆ ಏರುತ್ತದೆಂದು ತಿಳಿಯಬಾರದು. ಪಡೆಯುವವನ ತಂತಿಯ ಶಕ್ತಿಯೇ ಕೊನೆಯ ಮಿತಿ. ಸಾವಿರ ಮಂದಿ ಸುರಿದರೂ ಕೊಡ ಹಿಡಿಯುವಷ್ಟೇ ನೀರು. ಅನೇಕ ಸಂಪರ್ಕಗಳಲ್ಲಿ ಪಡೆಯುವ ಶಕ್ತಿಗಿಂತ ಕೊಡುವ ಶಕ್ತಿ ಬಹಳ ಕಡಿಮೆ. ಅಲ್ಲದೆ ಪೀರ್‌ಗಳು ನೂರಾರು ಇದ್ದು, ಒಂದೇ ಒಂದು ತುಂಡು ಮಾತ್ರ ಯಾರಲ್ಲಿಯೂ ಇಲ್ಲದಿದ್ದರೆ ಎಲ್ಲರ ಕಡತವೂ ನೂರಕ್ಕೆ ತೊಂಬತ್ತೊಂಬತ್ತರಲ್ಲಿ ನಿಂತುಹೋಗುತ್ತದೆ. ಈ ಅಪಾಯವನ್ನು ತಪ್ಪಿಸಲೆಂದೇ ಅತಿ ವಿರಳವಾದ ತುಂಡನ್ನು ಮೊದಲು ಪಡೆಯಬೇಕೆಂಬ ನಿಯಮವನ್ನು ಈ ವಿಧಾನದಲ್ಲಿ ಅಳವಡಿಸಲಾಗಿದೆ.

ಇನ್ನೊಂದು ನಿಯಮವು ನೀತಿಯ ದೃಷ್ಟಿಯಿಂದ ಹೆಚ್ಚು ವಿಚಾರಣೀಯವಾದುದು. ಪೀರ್‌ನ ಯಂತ್ರವು ತನಗೆ ಹೆಚ್ಚು ಕೊಟ್ಟವರನ್ನು ಗುರುತಿಸಿ ಅವರಿಗೇ ಹೆಚ್ಚು ಕೊಡುತ್ತದೆ. ಏನೂ ಕೊಡದವನ ಮುಂದೆ ಬಾಗಿಲು ಮುಚ್ಚುತ್ತದೆ. ಕೋಹೆನ್ ರೂಪಿಸಿದ ಕ್ರಮದಲ್ಲಿ ಈ ಲೆಕ್ಕವನ್ನು 10 ಸೆಕೆಂಡಿಗೊಮ್ಮೆ ಮಾಡಲಾಗುತ್ತದೆ. ಇದು ವ್ಯಾಪಾರವೇ ಹೊರತು ದಾನವಲ್ಲ. ಆದರೆ ಬರಿಯ ವ್ಯಾಪಾರದಿಂದ ಈ ವ್ಯವಸ್ಥೆ ನಡೆಯಲಾರದು. ಹೊಸದಾಗಿ ಬಂದವನ ಬಳಿ ಒಂದು ತುಂಡೂ ಇರುವುದಿಲ್ಲ. ಅವನು ಏನನ್ನು ತಾನೆ ಕೊಟ್ಟಾನು? ಆದುದರಿಂದ 30 ಸೆಕೆಂಡಿಗೊಮ್ಮೆ ಲೆಕ್ಕವನ್ನು ಬದಿಗಿಟ್ಟು ಯಾವನೋ ಒಬ್ಬನಿಗೆ ಬಾಗಿಲು ತೆರೆಯಬೇಕೆಂಬ ವಿಧಿಯನ್ನೂ ಇರಿಸಲಾಗಿದೆ. ಲೆಕ್ಕಾಚಾರವೇ ಉಸಿರಾಗಿರುವ ಯಂತ್ರಕ್ಕೂ ಲೆಕ್ಕವಿಲ್ಲದ ಒಂದು ಕೊಡುಗೆ ಅನಿವಾರ್ಯವಾಯಿತೆಂಬುದು ಗಮನಾರ್ಹ.

ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರವು ಜೀವಗಳು ಒಂದಕ್ಕೊಂದು ಉಪಕಾರ ಮಾಡುವುವೆಂದು ಪ್ರತಿಪಾದಿಸುತ್ತದೆ. ಸ್ವಪರರ ಹಿತಕ್ಕಾಗಿ ತನ್ನದನ್ನು ತ್ಯಜಿಸುವುದೇ ದಾನವೆಂದೂ, ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ತಾರತಮ್ಯ ಉಂಟಾಗುವುದೆಂದೂ ಅದೇ ಗ್ರಂಥದ ಅಭಿಪ್ರಾಯ. ಪೀರ್ ಆಗಿರುವಾಗ ಕೊಡುವವನಿಗೆ ಪ್ರತಿಫಲದ ನಿರೀಕ್ಷೆಯಿದೆ. ಕಡತ ಪೂರ್ಣವಾದ ಕ್ಷಣದಲ್ಲಿ ಅವನು ಸೀಡ್ ಆಗುತ್ತಾನೆ. ಅಲ್ಲಿಂದ ಮುಂದೆ ಅವನಿಗೆ ದೊರೆಯಬೇಕಾದುದು ಏನೂ ಇಲ್ಲ. ಆಗ ಯಂತ್ರವನ್ನು ಆರಿಸಿ ಹೊರಟುಹೋದರೆ ಕೇಳುವವರಿಲ್ಲ. ಆದರೂ ನಿಂತು ಕೊಟ್ಟರೆ ಅದು ದಾನದ ಕಡೆಗೆ ಮೊದಲ ಹೆಜ್ಜೆ. ದಾತೃವಿನ ಪರೀಕ್ಷೆ ನಡೆಯುವುದು ತನ್ನ ಅವಶ್ಯಕತೆ ಮುಗಿದ ಮೇಲೆಯೇ.

ಕನ್ನಡ ನಾಡಿಗೆ ಈ ಆದರ್ಶ ಹೊಸದಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿ ಪ್ರಸಿದ್ಧವಾಗಿದೆ. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಸಾವಿರ ಬೀಜಗಳು. ಒಂದೊಂದರಿಂದಲೂ ಮತ್ತೆ ಪ್ರತಿಗಳಾಗಲು ಅವಕಾಶವಿತ್ತು. ಆಹಾರ, ಔಷಧ, ಅಭಯಗಳ ಜೊತೆಗೆ ಶಾಸ್ತ್ರವನ್ನೂ ದಾನವಾಗಿ ಎಣಿಸಿದ ಪರಂಪರೆಯ ಫಲವದು. ಗಂಗರ ಮೊದಲ ರಾಜಧಾನಿ ಕುವಳಾಲ, ಅಂದರೆ ಇಂದಿನ ಕೋಲಾರ. ಆ ರಾಜ್ಯದ ಉದಯಕ್ಕೆ ಸಿಂಹನಂದಿ ಆಚಾರ್ಯರು ಬೆಂಬಲವಾಗಿದ್ದರೆಂಬ ಸಂಪ್ರದಾಯವನ್ನು ಶಾಸನಗಳು ಉಳಿಸಿಕೊಂಡಿವೆ. ಈ ನೆಲಕ್ಕೂ ಆ ಪರಂಪರೆಯ ಸಂಬಂಧವುಂಟು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ಓಲೆಪ್ರತಿಗಳು ಶತಮಾನಗಳ ಕಾಲ ಮೂಡುಬಿದಿರೆಯ ಬಸದಿಯೊಂದರಲ್ಲಿ ಮಾತ್ರ ಉಳಿದಿದ್ದವು. ಗೆದ್ದಲು, ಬೆಂಕಿ, ತೇವ, ಇವುಗಳಲ್ಲಿ ಒಂದು ಸಾಕಾಗಿತ್ತು. ಆ ಜ್ಞಾನ ಲೋಕದಿಂದಲೇ ಮರೆಯಾಗುತ್ತಿತ್ತು. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. ಆ ಕಾಲದಲ್ಲಿ ಲಿಪಿಕಾರರೊಬ್ಬರು ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿ ಹೊರಗೆ ಕೊಟ್ಟರೆಂದು ಗ್ರಂಥಪ್ರಕಟನೆಯ ಚರಿತ್ರೆ ತಿಳಿಸುತ್ತದೆ. 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಇಂದು ಆ ಗ್ರಂಥ ಎಲ್ಲರಿಗೂ ಲಭ್ಯ. ಹಾಗಾದರೆ ಗುಟ್ಟಿನ ಆ ಪ್ರತಿ ಜ್ಞಾನದಾನವೆ, ಅದತ್ತಾದಾನವೆ?

ಈ ಪ್ರಶ್ನೆಯೇ ಇಂದು ಪ್ರತಿಯೊಂದು ಟೊರೆಂಟಿನಲ್ಲಿಯೂ ಮರುಹುಟ್ಟು ಪಡೆಯುತ್ತಿದೆ. ಕೊಡಲ್ಪಡದುದನ್ನು ತೆಗೆದುಕೊಳ್ಳದಿರುವುದು ಅಚೌರ್ಯಾಣುವ್ರತ. ಕದ್ದು ತಂದುದನ್ನು ಸ್ವೀಕರಿಸುವ ತದಾಹೃತಾದಾನವನ್ನೂ ಆಚಾರ್ಯರು ಈ ವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಹೊಸ ಚಲನಚಿತ್ರವನ್ನು ಟೊರೆಂಟಿನಿಂದ ಇಳಿಸಿಕೊಂಡವನು ತಾನು ಕೇವಲ ನೋಡಿದೆನೆಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಪಡೆಯುತ್ತಿರುವಾಗಲೇ ಅವನು ಹಂಚುತ್ತಲೂ ಇರುತ್ತಾನೆ. ಕೃತ, ಕಾರಿತ, ಅನುಮೋದಿತ ಎಂಬ ಮೂರೂ ಒಂದೇ ಕ್ರಿಯೆಯಲ್ಲಿ ಸೇರುತ್ತವೆ. ಇಲ್ಲಿ ವೇಗವು ಪುಣ್ಯದ ಲಕ್ಷಣವಲ್ಲ. ದ್ರವ್ಯವು ಅಶುದ್ಧವಾಗಿದ್ದರೆ ಸೀಡ್‌ಗಳು ಹೆಚ್ಚಿದಷ್ಟೂ ದೋಷವೂ ವೇಗವಾಗಿ ಹರಡುತ್ತದೆ.

ಜ್ಞಾನವು ಕೊಟ್ಟರೆ ಕರಗುವುದಿಲ್ಲ, ಹಾಗಿರುವಾಗ ಪ್ರತಿ ಮಾಡುವುದರಿಂದ ಯಾರಿಗೆ ನಷ್ಟ ಎಂದು ಆಕ್ಷೇಪಿಸಬಹುದು. ಜ್ಞಾನ ಕರಗದೆಂಬುದು ನಿಜ. ಆದರೆ ಗ್ರಂಥಕರ್ತನ ಜೀವನೋಪಾಯ ಕರಗಬಲ್ಲುದು. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರೂ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರೂ ಈ ಸೀಮೆಯ ಹೆಮ್ಮೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಲೇಖಕನ ಬದುಕಿನಲ್ಲಿ ಪ್ರಕಟವಾದ ಕೃತಿಗಳ ಹಕ್ಕು ಅವನು ತೀರಿದ ವರ್ಷದ ಮುಂದಿನ ವರ್ಷಾರಂಭದಿಂದ 60 ವರ್ಷ ಉಳಿಯುತ್ತದೆ. ಡಿ.ವಿ.ಜಿ. ತೀರಿದುದು 1975ರಲ್ಲಿ, ಮಾಸ್ತಿಯವರು 1986ರಲ್ಲಿ. ಆದುದರಿಂದ ಅವರ ಅಂತಹ ಕೃತಿಗಳು ಸಾರ್ವಜನಿಕರ ಸ್ವತ್ತಾಗುವುದು ಕ್ರಮವಾಗಿ 2036 ಮತ್ತು 2047ರ ಆರಂಭದಲ್ಲಿ. ಪಂಪನ ಆದಿಪುರಾಣದ ಮೂಲಕ್ಕೆ ಹಕ್ಕುದಾರರಿಲ್ಲ; ಆದರೆ ಅದಕ್ಕೆ ಇತ್ತೀಚಿನ ವಿದ್ವಾಂಸರು ಬರೆದ ಗದ್ಯಾನುವಾದಕ್ಕೂ ಟಿಪ್ಪಣಿಗೂ ಇರಬಹುದು. ಕೊಡುವ ಮೊದಲು ಇದು ತನ್ನದೆ, ಎಲ್ಲರದೆ, ಪರರದೆ ಎಂದು ವಿಚಾರಿಸುವುದೇ ದ್ರವ್ಯಶುದ್ಧಿ.

ಮೂಡುಬಿದಿರೆಯ ಪ್ರಸಂಗಕ್ಕೆ ಅನೇಕಾಂತದೃಷ್ಟಿಯಿಂದ ಉತ್ತರ ಹುಡುಕಬೇಕು. ಗುಟ್ಟಿನ ಪ್ರತಿಯಿಂದ ಲೋಕಕ್ಕೆ ಹಿತವಾಯಿತು; ಆದರೆ ಫಲವು ಒಳ್ಳೆಯದೆಂದ ಮಾತ್ರಕ್ಕೆ ವಿಧಿಯ ದೋಷ ಅಳಿಸಿಹೋಗದು. ಹಾಗೆಯೇ ಕಾಯುವವರ ಹೊಣೆಯನ್ನೂ ಮರೆಯಲಾಗದು. ಶಾಸ್ತ್ರವನ್ನು ಪೂಜೆಗೆ ಮಾತ್ರ ಇರಿಸಿ ಓದುವವರಿಗೆ ಕೊಡದಿರುವುದು ರಕ್ಷಣೆಯ ಹೆಸರಿನಲ್ಲಿ ಬೆಳೆಯುವ ಪರಿಗ್ರಹ. ಕೊಡಬೇಕಾದವರು ಕೊಡದಿದ್ದಾಗ ಕಳ್ಳದಾರಿ ಹುಟ್ಟುತ್ತದೆ. ಕಳ್ಳದಾರಿಯನ್ನು ಮುಚ್ಚುವ ನಿಜವಾದ ಉಪಾಯ ಹೆಬ್ಬಾಗಿಲನ್ನು ತೆರೆಯುವುದು. ಗ್ರಂಥ ಅಲಭ್ಯವಾಗಿದ್ದರೆ ಹಕ್ಕುದಾರರನ್ನು ಕೇಳುವುದು ಶ್ರಾವಕನ ಕರ್ತವ್ಯ. ಕೇಳಿದಾಗ ಉದಾರವಾಗಿ ಅನುಮತಿಸುವುದು ಪ್ರಕಾಶಕರ, ಸಂಸ್ಥೆಗಳ ಕರ್ತವ್ಯ.

ನಿರ್ದೋಷವಾದ ಹಂಚಿಕೆಗೆ ಮಾರ್ಗಗಳು ಇಲ್ಲದೆ ಇಲ್ಲ. ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಅನೇಕ ಆವೃತ್ತಿಗಳನ್ನು ಅವುಗಳ ಕರ್ತೃಗಳೇ ಟೊರೆಂಟಿನಲ್ಲಿ ನೀಡುತ್ತಾರೆ. ಇಂಟರ್ನೆಟ್ ಆರ್ಕೈವ್ ಎಂಬ ಗ್ರಂಥಭಂಡಾರವೂ 2012ರಿಂದ ತನ್ನ ಅನೇಕ ಕಡತಗಳನ್ನು ಹೀಗೆ ಹಂಚುತ್ತಿದೆ. ಶ್ರೀನಿವಾಸಪುರದ ವಿದ್ಯಾರ್ಥಿಯೊಬ್ಬನಿಗೆ ಹಕ್ಕಿನ ಅವಧಿ ಮುಗಿದ ಹಳೆಯ ಜೈನಗ್ರಂಥವೊಂದು ಬೇಕಾಗಿದ್ದು, ಅದಕ್ಕೆ ಒಬ್ಬನೇ ಸೀಡ್ ಉಳಿದಿದ್ದಾನೆಂದು ಭಾವಿಸೋಣ. ಆ ಒಬ್ಬನು ರಾತ್ರಿ ತನ್ನ ಯಂತ್ರವನ್ನು ಆರಿಸದಿದ್ದರೆ ವಿದ್ಯಾರ್ಥಿಗೆ ಗ್ರಂಥ ಸಿಕ್ಕೀತು. ಅವರಿಬ್ಬರೂ ಎಂದಿಗೂ ಭೇಟಿಯಾಗುವುದಿಲ್ಲ, ಹೆಸರೂ ತಿಳಿಯದು. ಕೀರ್ತಿಗೆ ಎಡೆಯೇ ಇಲ್ಲದ ಇಂತಹ ದಾನಕ್ಕೆ ಅಭಿಮಾನದ ಸೋಂಕು ಕಡಿಮೆ. ನೂರಾರು ಗ್ರಂಥಗಳನ್ನು ಇಳಿಸಿಕೊಂಡು, ಓದದೆ, ಹಂಚದೆ ಕೂಡಿಡುವವನಿಗಿಂತ, ಒಂದೇ ಒಂದು ಶುದ್ಧವಾದ ಗ್ರಂಥವನ್ನು ಓದಿ, ತನ್ನ ಕೆಲಸ ಮುಗಿದ ಮೇಲೂ ಪರರಿಗಾಗಿ ತೆರೆದಿಡುವವನು ಅತ್ತಿಮಬ್ಬೆಯ ದಾರಿಯಲ್ಲಿ ನಡೆದವನು.