ನಾಲಗೆಯ ನೋಂಪಿ



ಅಭಕ್ಷ್ಯವೆಂದೊಡನೆ ನಮ್ಮ ಮನೆಗಳಲ್ಲಿ ನೆನಪಿಗೆ ಬರುವುದು ಗೆಡ್ಡೆಗೆಣಸು, ಅತ್ತಿಹಣ್ಣು, ಜೇನುತುಪ್ಪ, ಸೋಸದ ನೀರು. ಇಷ್ಟನ್ನು ಬಿಟ್ಟವನು ಆಹಾರಶುದ್ಧಿಯನ್ನು ಸಾಧಿಸಿದನೆಂದು ನಾವು ಸಮಾಧಾನಪಡುತ್ತೇವೆ. ಆದರೆ ನಮ್ಮ ಆಚಾರ್ಯರು ತ್ಯಾಜ್ಯವಾದ ಆಹಾರವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ತ್ರಸಜೀವಿಗಳ ಘಾತವಾಗುವುದು ಒಂದು, ಅಸಂಖ್ಯ ಸ್ಥಾವರಜೀವಿಗಳ ಘಾತವಾಗುವುದು ಎರಡು, ಪ್ರಮಾದವನ್ನು ಹುಟ್ಟಿಸುವುದು ಮೂರು, ಅನಿಷ್ಟವಾದುದು ನಾಲ್ಕು, ಶಿಷ್ಟರು ಸೇವಿಸಲಾಗದುದು ಐದು. ಇವುಗಳಲ್ಲಿ ನಾಲ್ಕನೆಯದನ್ನು ಕುರಿತು ಇಂದು ವಿಚಾರ ಮಾಡೋಣ.

ಪದಾರ್ಥವು ತಾನು ಶುದ್ಧವಾಗಿರಬಹುದು. ಅದರಲ್ಲಿ ಜೀವಹಿಂಸೆಯ ದೋಷವೂ ಇಲ್ಲದಿರಬಹುದು. ಆದರೂ ಅದು ಯಾವನ ಶರೀರಪ್ರಕೃತಿಗೆ ಒಗ್ಗದೋ ಅವನ ಪಾಲಿಗೆ ಅದು ಅನಿಷ್ಟ. ಅಂಥದ್ದನ್ನು ವ್ರತಪೂರ್ವಕವಾಗಿ ಬಿಡಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದ ಭೋಗೋಪಭೋಗ ಪರಿಮಾಣ ವ್ರತದ ಪ್ರಕರಣದಲ್ಲಿ ವಿಧಿಸಿದ್ದಾರೆ. ನಾನು ಅನೇಕ ವರ್ಷ ಭಾನುವಾರದ ಪಾಠಶಾಲೆಯಲ್ಲಿ ಮಕ್ಕಳಿಗೆ ಈ ಐದು ಬಗೆಗಳನ್ನು ಬಾಯಿಪಾಠ ಮಾಡಿಸಿದವನು. ನಾಲ್ಕನೆಯದರ ಅರ್ಥವನ್ನು ಮಾತ್ರ ನನ್ನ ಎಲೆಯ ಮುಂದೆ ಕುಳಿತು ಒಮ್ಮೆಯೂ ಯೋಚಿಸಿರಲಿಲ್ಲ.

ನಿವೃತ್ತನಾದ ಮರುವರ್ಷ ಕಾಲಿನ ಗಾಯವೊಂದು ಮಾಯದೆ ವೈದ್ಯರಲ್ಲಿಗೆ ಹೋದೆ. ತೂಕ 84 ಕಿಲೋ; ರಕ್ತದಲ್ಲಿ ಸಕ್ಕರೆ ಏರಿತ್ತು. "ಜನ್ಮದಲ್ಲಿ ಆಲೂಗಡ್ಡೆ ಮುಟ್ಟಿದವನಲ್ಲ, ರಾತ್ರಿ ಉಂಡವನಲ್ಲ, ನನಗೇಕೆ ಈ ರೋಗ?" ಎಂದು ಕೇಳಿದೆ. ವೈದ್ಯರು ನಸುನಕ್ಕು, "ಆಲೂಗಡ್ಡೆ ಬಿಟ್ಟಿರಿ ಸರಿ, ಅನ್ನವನ್ನೆಷ್ಟು ಉಣ್ಣುತ್ತೀರಿ? ಪಾರಣೆಯ ದಿನ ಏನೇನು ಉಣ್ಣುತ್ತೀರಿ?" ಎಂದರು. ನಾನು ತಲೆ ತಗ್ಗಿಸಿದೆ. ಅಷ್ಟಮಿ ಚತುರ್ದಶಿಗಳಂದು ಉಪವಾಸ ಮಾಡಿ, ಮರುದಿನ ಹೋಳಿಗೆ, ಶಾವಿಗೆ ಪಾಯಸ, ಎರಡು ಸಲ ಅನ್ನ! ಉಪವಾಸದಂದು ಹೊಟ್ಟೆ ಬರಿದಾಗಿತ್ತೇ ಹೊರತು, ನಾಲಗೆಯು ಪಾರಣೆಯ ಎಲೆಯನ್ನೇ ಧ್ಯಾನಿಸುತ್ತಿತ್ತು.

ಇದು ನನ್ನೊಬ್ಬನ ಕಥೆಯಲ್ಲ. ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದೂ, 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆಂದೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿತು. ಅಕ್ಕಿ, ಗೋಧಿ, ಜೋಳ, ರಾಗಿ, ಅವಲಕ್ಕಿ ಇವೆಲ್ಲದರ ಪಿಷ್ಟವೂ ಜೀರ್ಣವಾದಾಗ ಗ್ಲೂಕೋಸ್ ಎಂಬ ಸಕ್ಕರೆಯೇ ಆಗುತ್ತದೆ. ರಾಗಿಯಲ್ಲಿ ನಾರು ಹೆಚ್ಚೆಂಬುದು ನಿಜ. ಆದರೆ ದೊಡ್ಡ ಮುದ್ದೆಯೂ ಪಿಷ್ಟದ ಮುದ್ದೆಯೇ. ದುಡಿಮೆಗೆ ಬೇಕಾದುದಕ್ಕಿಂತ ಮಿಕ್ಕದ್ದನ್ನು ದೇಹವು ಕೊಬ್ಬಾಗಿ ಕೂಡಿಡುತ್ತದೆ. ಪರಿಗ್ರಹವು ಪೆಟ್ಟಿಗೆಯಲ್ಲಿ ಮಾತ್ರ ಬೆಳೆಯುವುದಿಲ್ಲ, ಹೊಟ್ಟೆಯಲ್ಲಿಯೂ ಬೆಳೆಯುತ್ತದೆ!

ಇನ್ನು ನನ್ನ ಎರಡನೆಯ ತಪ್ಪನ್ನು ಹೇಳಬೇಕು. ಅದು ಮೊದಲನೆಯದಕ್ಕಿಂತ ದೊಡ್ಡದು. ನಾಚಿಕೆಯಿಂದ ಹುಟ್ಟಿದ ಹಟದಲ್ಲಿ ನಾನು ಬಸದಿಯಲ್ಲಿ ಹತ್ತು ಜನರ ಎದುರಿಗೆ ಅನ್ನ, ಸಿಹಿ ಎರಡನ್ನೂ ಬಿಟ್ಟು ನಿತ್ಯ ಏಕಭುಕ್ತನಾಗಿರುವೆನೆಂದು ಸಾರಿದೆ. ವೈದ್ಯರನ್ನು ಕೇಳಲಿಲ್ಲ, ಮಾತ್ರೆಗಳನ್ನು ಮೊದಲಿನಷ್ಟೇ ನುಂಗುತ್ತಿದ್ದೆ. ಒಂಬತ್ತನೆಯ ರಾತ್ರಿ ಮೈ ಬೆವರಿ, ಕೈ ನಡುಗಿ, ಮಾತು ತೊದಲಿತು. ರಕ್ತದ ಸಕ್ಕರೆ ತೀರ ಇಳಿದಿತ್ತು. ಮನೆಯವಳು ಹಿಂದೆಮುಂದೆ ನೋಡದೆ ಸಕ್ಕರೆ ನೀರನ್ನು ಕುಡಿಸಿದಳು, ಪ್ರಾಣ ಉಳಿಯಿತು. ಆದರೆ ನಲವತ್ತು ವರ್ಷಗಳ ರಾತ್ರಿಭೋಜನತ್ಯಾಗ ಮುರಿಯಿತೆಂದು ನಾನು ಅವಳ ಮೇಲೆಯೇ ಸಿಡುಕಿದೆ. ಅವಳು ಏನೂ ಹೇಳದೆ ಖಾಲಿ ಲೋಟವನ್ನು ಹಿಡಿದು ಬೆಳಗಿನವರೆಗೆ ನನ್ನ ಬಳಿಯಲ್ಲೇ ಕುಳಿತಿದ್ದಳು.

ಮರುದಿನ ಶಾಸ್ತ್ರಜ್ಞರಾದ ಹಿರಿಯರೊಬ್ಬರ ಬಳಿ ನಡೆದುದನ್ನೆಲ್ಲ ಹೇಳಿದೆ. ಅವರೆಂದರು: "ರಾತ್ರಿಯದಕ್ಕೆ ಪ್ರಾಯಶ್ಚಿತ್ತವುಂಟು, ಪಂಚನಮಸ್ಕಾರ ಜಪಮಾಡು. ಆದರೆ ನಿನ್ನ ವ್ರತ ಕೆಟ್ಟದ್ದು ನಿನ್ನೆಯಲ್ಲ, ಶಕ್ತಿಯನ್ನು ಅಳೆಯದೆ ಜನರೆದುರಿಗೆ ಸಾರಿದ ದಿನವೇ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ಹಿಂದೆ ಇರುವ ಪದ ಯಾವುದು? ಶಕ್ತಿತಃ ಎಂದಲ್ಲವೇ? ಮತ್ತೆ, ಮನೆಯವಳ ಮೇಲೆ ಸಿಡುಕಿದೆಯಲ್ಲ, ಅದಕ್ಕೆ ಮೊದಲು ಕ್ಷಮೆ ಕೇಳು."

ಕೇಳಿದೆ. ಅಲ್ಲಿಂದ ನನ್ನ ನಿಜವಾದ ನೋಂಪಿ ಆರಂಭವಾಯಿತು.

ಬಾಹ್ಯತಪಗಳು ಆರು. ಅವುಗಳಲ್ಲಿ ಅನಶನವೊಂದನ್ನೇ ನಾವು ದೊಡ್ಡದೆಂದು ಕೊಂಡಾಡುತ್ತೇವೆ. ಅದರ ಪಕ್ಕದಲ್ಲೇ ಅವಮೌದರ್ಯವಿದೆ, ರಸಪರಿತ್ಯಾಗವಿದೆ. ಪುರುಷನಿಗೆ 32, ಸ್ತ್ರೀಗೆ 28 ತುತ್ತುಗಳು ಪೂರ್ಣಾಹಾರವೆಂದೂ, ಅದರಲ್ಲಿ ಒಂದು ತುತ್ತನ್ನು ಕಡಿಮೆ ಮಾಡಿದರೂ ಅವಮೌದರ್ಯವೆಂದೂ ಮೂಲಾಚಾರದ ಪರಂಪರೆ ಎಣಿಸುತ್ತದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಹಲವನ್ನೋ ಬಿಡುವುದು ರಸಪರಿತ್ಯಾಗ. ಅವಮೌದರ್ಯದ ಪ್ರಯೋಜನಗಳನ್ನು ಹೇಳುವಾಗ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಸಂಯಮದ ಎಚ್ಚರ, ಸಂತೋಷ, ಸ್ವಾಧ್ಯಾಯಗಳೊಡನೆ ದೋಷಗಳ ಶಮನವನ್ನೂ ಸೇರಿಸಿದ್ದಾರೆ. ಶರೀರದ ಸ್ವಾಸ್ಥ್ಯವನ್ನು ಅವರು ಕಡೆಗಣಿಸಲಿಲ್ಲ. ಅದನ್ನು ಸಾಧನವೆಂದೆಣಿಸಿದರು, ಸಾಧ್ಯವೆಂದಲ್ಲ.

ಯಾವಜ್ಜೀವ ಬಿಡುವುದು ಯಮ, ಕಾಲಮಿತಿಯಿಂದ ಬಿಡುವುದು ನಿಯಮ. ಗೃಹಸ್ಥನಿಗೆ ನಿಯಮವೇ ಸುಗಮವಾದ ಮೆಟ್ಟಿಲು. ವೈದ್ಯರು ಮಾತ್ರೆಗಳ ಪ್ರಮಾಣವನ್ನು ಬದಲಿಸಿದ ಮೇಲೆ, ಮೊದಲ ತಿಂಗಳು ಹಾಲು-ಕಾಫಿಯ ಸಕ್ಕರೆಯನ್ನು ಬಿಟ್ಟೆ. ಎರಡನೆಯ ತಿಂಗಳು ಪಾರಣೆಯ ಸಿಹಿಯನ್ನು ಬಿಟ್ಟೆ. ಮೂರನೆಯ ತಿಂಗಳಿನಿಂದ ಅನ್ನವನ್ನು ಅರ್ಧಕ್ಕೆ ಇಳಿಸಿ, ಆ ಜಾಗಕ್ಕೆ ತೊವ್ವೆ, ಹೆಸರುಬೇಳೆಯ ಕೋಸಂಬರಿ, ಹೀರೆ, ಸೋರೆ, ಹಾಗಲ, ಬೆಂಡೆಗಳ ಪಲ್ಯವನ್ನು ತಂದೆ. ದ್ವಿದಳದೊಡನೆ ಮೊಸರು ಕೂಡದೆಂಬ ನಮ್ಮ ಕ್ರಮಕ್ಕೆ ಇದರಿಂದ ಅಡ್ಡಿಯಾಗಲಿಲ್ಲ. ಮೊದಲ ಹದಿನೈದು ದಿನಗಳಲ್ಲಿ ಎರಡು ಕಿಲೋ ಇಳಿದಾಗ ಹಿಗ್ಗಿದೆ. ಅದರಲ್ಲಿ ಹೆಚ್ಚಿನದು ನೀರೆಂದು ವೈದ್ಯರು ತಿಳಿಸಿದರು. ದೇಹದಲ್ಲಿ ಕೂಡಿಟ್ಟ ಪಿಷ್ಟವು ನೀರನ್ನು ಹಿಡಿದಿಟ್ಟಿರುತ್ತದೆ. ಅದು ಕರಗಿದಾಗ ನೀರೂ ಹೊರಟುಹೋಗುತ್ತದೆ. ಅನಂತರ ತೂಕ ನಿಧಾನವಾಗಿ ಇಳಿಯಿತು, ವರ್ಷಕ್ಕೆ ಏಳು ಕಿಲೋ. ಇಂದು ಸಾಮಾಯಿಕಕ್ಕೆ ಕುಳಿತರೆ ಒಂದು ಮುಹೂರ್ತ, ಎಂದರೆ 48 ನಿಮಿಷ, ಮೊಣಕಾಲು ನನ್ನನ್ನು ಎಬ್ಬಿಸುವುದಿಲ್ಲ. ನನಗೆ ದೊರೆತ ದೊಡ್ಡ ಫಲವಿದು.

ಸಕ್ಕರೆ ಬಿಟ್ಟು ಬೆಲ್ಲ ತಿಂದರಾಯಿತೆಂದು ಕೆಲವರೆನ್ನುತ್ತಾರೆ. ರಕ್ತವನ್ನು ಸೇರಿದ ಮೇಲೆ ಎರಡಕ್ಕೂ ಹೆಚ್ಚು ಭೇದವಿಲ್ಲ. ಜೇನಂತೂ ನಮ್ಮ ಮೂಲಗುಣಕ್ಕೇ ವಿರುದ್ಧ. ಕೃತಕ ಸಿಹಿಗಳನ್ನು ತೂಕ ಇಳಿಸುವ ಉಪಾಯವಾಗಿ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಮಾಡಿತು. ಈಗಾಗಲೇ ಮಧುಮೇಹವಿರುವವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ, ಅವರು ವೈದ್ಯರನ್ನು ಕೇಳಲಿ. ಆದರೆ ಶ್ರಾವಕನು ತನ್ನನ್ನೇ ಕೇಳಿಕೊಳ್ಳಬೇಕಾದುದು ಬೇರೊಂದಿದೆ. ಜೀವದಯಾಷ್ಟಮಿಯಂದು ನಾವು ಕೇಳುವ ಯಶೋಧರನ ಕಥೆಯಲ್ಲಿ ಕಡಿದದ್ದು ಹಿಟ್ಟಿನ ಕೋಳಿಯನ್ನೇ. ಭವಭವಗಳ ದುಃಖಕ್ಕೆ ಅಷ್ಟು ಸಂಕಲ್ಪವೇ ಸಾಕಾಯಿತು. ಸಕ್ಕರೆಯಿಲ್ಲದ ಸಿಹಿಗಾಗಿ ಇಡೀ ದಿನ ಹಂಬಲಿಸಿದರೆ ನಾಲಗೆಯ ದಾಸ್ಯ ಕಳೆಯಿತೇ?

ಮನೆಗಳಲ್ಲಿ, ಮದುವೆಗಳಲ್ಲಿ ಬಡಿಸುವವರಿಗೂ ಒಂದು ಮಾತು. "ಒಂದೇ ಒಂದು ಹೋಳಿಗೆ" ಎಂಬ ಒತ್ತಾಯ ಪ್ರೀತಿಯಿಂದ ಬಂದರೂ, ಮತ್ತೊಬ್ಬರ ನಿಯಮವನ್ನು ಮುರಿಸುವುದು ಪ್ರೀತಿಯಲ್ಲ. ಕೃತ, ಕಾರಿತ, ಅನುಮೋದನೆಗಳಲ್ಲಿ ಕಾರಿತವೂ ದೋಷವೇ ಅಲ್ಲವೇ? ಅಂತೆಯೇ ಬೆಳೆಯುವ ಮಕ್ಕಳು, ಗರ್ಭಿಣಿಯರು, ಕೃಶರಾದ ವೃದ್ಧರು ಪರರನ್ನು ನೋಡಿ ಅನ್ನ ಬಿಡಬಾರದು. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸವನ್ನಾಗಲಿ ಏಕಭುಕ್ತವನ್ನಾಗಲಿ ಕೈಗೊಳ್ಳಬಾರದು. ಸಕ್ಕರೆ ತೀರ ಇಳಿದು ಮೈ ನಡುಗಿದಾಗ ಮೂರು ಚಮಚ ಸಕ್ಕರೆಯೇ ಔಷಧ. ಆಗ ಅದು ಅನಿಷ್ಟವಲ್ಲ. ಪದಾರ್ಥ ಒಂದೇ, ವ್ಯಕ್ತಿ, ಕಾಲ, ಪ್ರಮಾಣಗಳಿಂದ ಅದರ ಸ್ವರೂಪ ಬದಲಾಗುತ್ತದೆಂಬುದನ್ನು ಅನೇಕಾಂತವನ್ನು ಬಲ್ಲ ನಮಗೆ ಬೇರೆ ಹೇಳಬೇಕಾಗಿಲ್ಲ.

ತೂಕ ಇಳಿಸಬೇಕೆಂದಷ್ಟೇ ಸಿಹಿ ಬಿಟ್ಟರೆ ಅದು ಪಥ್ಯ, ಪಥ್ಯವೂ ಒಳ್ಳೆಯದೇ. ಆಸೆಯನ್ನು ಇಳಿಸಬೇಕೆಂದು ಬಿಟ್ಟರೆ ಅದು ತಪ. ಎಲೆಯ ಮೇಲಿನ ತ್ಯಾಗ ಎರಡರಲ್ಲಿಯೂ ಒಂದೇ. ಬಿಡುವ ಮನಸ್ಸು ಬೇರೆ. ಬರುವ ಪರ್ವದ ಪಾರಣೆಯಂದು ಎಲೆಯ ಮುಂದೆ ಕುಳಿತಾಗ, 'ಇದು ನನಗೆ ಇಷ್ಟವೋ, ಅನಿಷ್ಟವೋ?' ಎಂದು ಒಂದು ಕ್ಷಣ ವಿಚಾರಿಸಿಕೊಳ್ಳಿರಿ. ಉತ್ತರವನ್ನು ನಾಲಗೆ ಕೊಡದಿರಲಿ, ವಿವೇಕ ಕೊಡಲಿ.

ಎಲ್ಲರಿಗೂ ಆರೋಗ್ಯವೂ ರತ್ನತ್ರಯದ ಲಾಭವೂ ದೊರೆಯಲಿ. ಜಯ ಜಿನೇಂದ್ರ.